ಅರ್ಧಶಟರ್ ನ್ಯಾಯ: ವಾಹನನಾಸಿಕಾ ವಿಚಾರ

ಪೀಠಿಕೆ: ಕಾಕತಾಳೀಯ, ದೇಹಲೀದೀಪ ಮುಂತಾದ ನ್ಯಾಯಗಳನ್ನು ಪೂರ್ವಸೂರಿಗಳು ಹೇಳಿ ಮುಗಿಸಿದ್ದಾರೆ. ಅರ್ಧಶಟರ್ ನ್ಯಾಯವೊಂದು ಅವರಿಗೆ ಹೊಳೆಯಲಿಲ್ಲ. ಅವರ ಕಾಲದಲ್ಲಿ ಶಟರೂ ಇರಲಿಲ್ಲ, ಬಂದೂ ಇರಲಿಲ್ಲ. ಬಂದ್ ದಿನ ಕಿರಾಣಿ ಅಂಗಡಿಯವನು ಶಟರನ್ನು ಮೊಣಕಾಲೆತ್ತರಕ್ಕೆ ಇಳಿಸಿ ಒಳಗೊಳಗೇ ವ್ಯಾಪಾರ ನಡೆಸುತ್ತಾನೆ. ನೋಡುವವರಿಗೆ ಮುಚ್ಚಿದೆ, ಬೇಕಾದವರಿಗೆ ತೆರೆದಿದೆ. ಕಾರಿನ ಮೂಗಿನಲ್ಲಿ ನಡೆಯುವುದೂ ಇದೇ ಎಂಬುದು ಈ ಪ್ರಬಂಧದ ಪ್ರತಿಜ್ಞೆ.

ವಸ್ತುನಿರ್ದೇಶ: ಕಾರಿನ ಮುಖದ ಜಾಲರಿಯೇ ಗ್ರಿಲ್. (ಇದಕ್ಕೆ ಕೋಳಿಯ ಸಂಬಂಧ ಕಲ್ಪಿಸುವ ತಂದೂರಿ ಪಂಥದ ವ್ಯಾಖ್ಯಾನಕಾರರನ್ನು ಇಲ್ಲಿಯೇ ಖಂಡಿಸಲಾಗಿದೆ.) ಕೆಲವು ಕಾರುಗಳಲ್ಲಿ ಅದರ ಹಿಂದೆ, ರೇಡಿಯೇಟರಿನ ಮುಂದೆ, ಸಾಲಾಗಿ ಕೂರಿಸಿದ ಪ್ಲಾಸ್ಟಿಕ್ ಪಟ್ಟಿಗಳು. ಅವನ್ನು ತಿರುಗಿಸುವ ಪುಟ್ಟ ಮೋಟಾರು ಅಂಗಡಿಯ ಹುಡುಗ. ಕೂಲಂಟಿನ ಬಿಸಿ, ಗಾಡಿಯ ವೇಗ, ಏಸಿಯ ಹೊರೆ ನೋಡಿ ಅಪ್ಪಣೆ ಕೊಡುವ ಕಂಪ್ಯೂಟರು ಗಲ್ಲಾದ ಮೇಲಿನ ಯಜಮಾನ.

ಕ್ಷೇತ್ರಕಾರ್ಯ: ಲೇಖಕನು ಟಾರ್ಚ್ ಹಿಡಿದು ಕಾರಿನ ಮುಂದೆ ಮಂಡಿಯೂರಿದನು. ಪಕ್ಕದ ಮನೆಯವರು, "ಏನ್ ಸಾರ್, ಇಲಿ ಸೇರ್ಕೊಂಡಿದ್ಯಾ?" ಎಂದರು. ವಿದ್ವತ್ತಿನ ಗೌರವ ಕಾಯಲು "ಹೌದು" ಎನ್ನಬೇಕಾಯಿತು.

ಪೂರ್ವಪಕ್ಷ: ಗಾಳಿಗೆಂದೇ ಇಟ್ಟ ಕಿಂಡಿಯನ್ನು ಮುಚ್ಚುವುದು ಊಟಕ್ಕೆ ಕರೆದು ಬಾಗಿಲು ಹಾಕಿಕೊಂಡಂತೆ ಅಲ್ಲವೇ?

ಸಿದ್ಧಾಂತ: ಅಲ್ಲ. ಬಾನೆಟ್ಟಿನೊಳಗೆ ನುಗ್ಗಿದ ಗಾಳಿ ಸುಮ್ಮನೆ ಕೂರುವ ನೆಂಟನಲ್ಲ. ಸಿಕ್ಕಸಿಕ್ಕಲ್ಲಿ ಡಿಕ್ಕಿ ಹೊಡೆದು, ಸುಳಿ ಸುತ್ತಿ, ಕಾರನ್ನೇ ಹಿಂದಕ್ಕೆ ಜಗ್ಗುತ್ತದೆ. ವೇಗ 50ರಿಂದ 100 ಕಿ.ಮೀ.ಗೆ ಏರಿದರೆ ಗಾಳಿಯ ತಡೆ ಎರಡಲ್ಲ, ನಾಲ್ಕು ಪಟ್ಟಾಗುತ್ತದೆ. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡುವ ಎಂಜಿನ್ನಿಗೆ ಅಷ್ಟು ಗಾಳಿ ಬೇಡ. ಆಗ ಪಟ್ಟಿ ಮುಚ್ಚಿದರೆ ಗಾಳಿ ಮೈಸವರಿ ಹೋಗುತ್ತದೆ, ಪೆಟ್ರೋಲು ಒಂದಿಷ್ಟು ಉಳಿಯುತ್ತದೆ. ಚಳಿಯ ಬೆಳಗ್ಗೆ ಮುಚ್ಚಿದರೆ ಎಂಜಿನ್ ಬೇಗ ಬೆಚ್ಚಗಾಗುತ್ತದೆ. ಏಸಿ ಹಾಕಿಕೊಂಡು ಘಾಟಿ ಹತ್ತುವಾಗ ಮಾತ್ರ ಶಟರ್ ಎತ್ತಲೇಬೇಕು.

ಪರಂಪರೆ: ಇದನ್ನು ನವನವೀನವೆನ್ನುವವರು 1930ರ ದಶಕದ ರೋಲ್ಸ್ ರಾಯ್ಸ್, ಪ್ಯಾಕಾರ್ಡ್ ಕಾರುಗಳನ್ನು ನೋಡಬೇಕು. ಕಂಪ್ಯೂಟರಿಲ್ಲದ ಆ ಕಾಲದಲ್ಲೇ ಬಿಸಿಗೆ ತಾನಾಗಿ ತೆರೆಯುವ ರೇಡಿಯೇಟರ್ ಬಾಗಿಲುಗಳಿದ್ದವು. 2011ರ ಷೆವರ್ಲೆ ಕ್ರೂಜ್ ಇಕೋದಂಥ ಕಾರುಗಳು ಅದಕ್ಕೆ ಮೋಟಾರಿನ ಉಪನಯನ ಮಾಡಿದವು.

ಭೇದ: ನ್ಯಾಯ ಒಂದೆಡೆ ಮಾತ್ರ ಮುರಿಯುತ್ತದೆ. ಗಲಾಟೆಯ ಸುಳಿವು ಸಿಕ್ಕರೆ ಅಂಗಡಿಯವನು ಉಳಿದ ಮೊಣಕಾಲೆತ್ತರವನ್ನೂ ಎಳೆದುಬಿಡುತ್ತಾನೆ. ಕಾರಿನ ವ್ಯವಸ್ಥೆಯಲ್ಲಿ ದೋಷ ಕಂಡರೆ ಯಜಮಾನ ಸಾಮಾನ್ಯವಾಗಿ ಪಟ್ಟಿಗಳನ್ನು ತೆರೆದಿಡಲು ನೋಡುತ್ತಾನೆ. ಪೆಟ್ರೋಲು ಹೋದರೂ ಎಂಜಿನ್ ಕುದಿಯಬಾರದು. ಭಯ ಬಂದಾಗ ಮುಚ್ಚಿಕೊಳ್ಳುವುದು ಮನುಷ್ಯಧರ್ಮ, ತೆರೆದುಕೊಳ್ಳುವುದು ಯಂತ್ರಧರ್ಮ.

ಫಲಶ್ರುತಿ: ಇದನ್ನು ಓದಿದವರಿಗೆ ಪುಣ್ಯದ ಭರವಸೆ ಇಲ್ಲ. ಮುಂದಿನ ಸಲ ಕಾರು ತೊಳೆಯುವಾಗ ಆ ಪಟ್ಟಿಗಳ ನಡುವೆ ಸಿಕ್ಕ ಒಣಗಿದ ಎಲೆ, ಪ್ಲಾಸ್ಟಿಕ್ ಚೂರು ತೆಗೆಯಿರಿ, ಸಾಕು. ಯಾರಾದರೂ ಕೇಳಿದರೆ ಇಲಿ ಎನ್ನಿ.