ಗದ್ಯಭಾಗ ಮೀಮಾಂಸೆ: ತುಮಕೂರು, ಗುಬ್ಬಿ, ಕುಣಿಗಲ್ ಪ್ರಸ್ಥಾನಗಳು

ಎಸ್ಸೆಸ್ಸೆಲ್ಸಿಯ ಕನ್ನಡ ಪ್ರಶ್ನೆಪತ್ರಿಕೆಯಿಂದ ಹಿಡಿದು ಕೇಂದ್ರ ಲೋಕಸೇವಾ ಆಯೋಗದ 300 ಅಂಕಗಳ ಕಡ್ಡಾಯ ಭಾಷಾ ಪತ್ರಿಕೆಯವರೆಗೆ, ಗದ್ಯಭಾಗವನ್ನು ಓದಿಕೊಂಡು ಪ್ರಶ್ನೆಗಳಿಗೆ ಉತ್ತರಿಸಬೇಕೆಂಬ ವಿಧಿವಾಕ್ಯ ಅಭ್ಯರ್ಥಿಯ ಬೆನ್ನು ಬಿಡುವುದಿಲ್ಲ. ಉತ್ತರವನ್ನು ಮೊದಲೇ ಅಚ್ಚುಹಾಕಿಸಿ ಕೈಗಿತ್ತು, ಆಮೇಲೆ ಅದನ್ನೇ ಮರಳಿ ಕೇಳುವ ಇಷ್ಟು ಉದಾರವಾದ ಪದ್ಧತಿಯಲ್ಲೂ ಅಂಕಗಳು ಹೇಗೆ ಸೋರಿಹೋಗುತ್ತವೆ ಎಂಬುದೇ ಇಲ್ಲಿನ ಜಿಜ್ಞಾಸೆ.

ವಾಕ್ಯರಾಶಿಯ ತಾತ್ಪರ್ಯವನ್ನು ನಿರ್ಣಯಿಸಲು ಮೀಮಾಂಸಕರು ಆರು ಲಿಂಗಗಳನ್ನು, ಅಂದರೆ ಗುರುತುಗಳನ್ನು, ಹೇಳಿದ್ದಾರೆ: ಮೊದಲೂ ಕೊನೆಯೂ ಒಂದನ್ನೇ ನುಡಿಯುವ ಉಪಕ್ರಮೋಪಸಂಹಾರ, ಅದೇ ಮಾತು ಮರಳಿ ಬರುವ ಅಭ್ಯಾಸ, ಬೇರೆಡೆ ಸಿಗದ್ದನ್ನು ತಿಳಿಸುವ ಅಪೂರ್ವತೆ, ಪ್ರಯೋಜನವನ್ನು ಹೇಳುವ ಫಲ, ಹೊಗಳಿಕೆ ತೆಗಳಿಕೆಗಳಾದ ಅರ್ಥವಾದ, ಯುಕ್ತಿಯಿಂದ ಸಮರ್ಥಿಸುವ ಉಪಪತ್ತಿ. ಇವನ್ನು ಪರೀಕ್ಷೆಯ ಗದ್ಯಕ್ಕೆ ಹಚ್ಚಿದರೆ, ‘ಆದರೆ’ ಎಂಬುದಕ್ಕೆ ಮುಂಚಿನದು ಪೂರ್ವಪಕ್ಷವೆಂದೂ ಅನಂತರದ್ದು ಸಿದ್ಧಾಂತವೆಂದೂ, ‘ಉದಾಹರಣೆಗೆ’ ಎಂಬಲ್ಲಿ ಉಪಪತ್ತಿಯೂ ‘ಆದ್ದರಿಂದ’ ಎಂಬಲ್ಲಿ ಫಲವೂ ತೊಡಗುತ್ತವೆಂದೂ, ಶೀರ್ಷಿಕೆಯು ಅಭ್ಯಾಸದಲ್ಲಿ ಅಡಗಿರುತ್ತದೆಂದೂ ಗೊತ್ತಾಗುತ್ತದೆ. ಅರ್ಥವಾದವು ಹೇರಳವಾಗಿದ್ದರೂ ಅದರ ಮೇಲೆ ಪ್ರಶ್ನೆ ಬರುವುದು ಅಪರೂಪ.

ಈ ಶಾಸ್ತ್ರವನ್ನು ಮೀರುವವರಲ್ಲಿ ಮೂರು ಪ್ರಸ್ಥಾನಗಳುಂಟು. ಅವುಗಳ ಹೆಸರು ಒಂದೇ ಜಿಲ್ಲೆಯದಾದರೂ ದೋಷಗಳು ಸಾರ್ವತ್ರಿಕ. ತುಮಕೂರು ಪ್ರಸ್ಥಾನದವರು ಪ್ರಶ್ನೆಯನ್ನೇ ಮೊದಲು ಓದಿ, ಅದರೊಳಗಿನ ಒಂದು ಪದವನ್ನು ಗದ್ಯದಲ್ಲಿ ಪತ್ತೆಹಚ್ಚಿ, ಅದರ ಹಿಂದಿನ ಪೂರ್ಣವಿರಾಮದಿಂದ ಮುಂದಿನ ಪೂರ್ಣವಿರಾಮದವರೆಗೆ ಇದ್ದುದನ್ನು ಇದ್ದಂತೆ ಇಳಿಸುತ್ತಾರೆ. ಆ ವಾಕ್ಯ ‘ಇದರಿಂದಾಗಿ’ ಎಂದು ಶುರುವಾಗಿದ್ದರೆ ಉತ್ತರವೂ ಹಾಗೆಯೇ ಶುರುವಾಗುವುದರಿಂದ, ಯಾವುದರಿಂದಾಗಿ ಎಂಬ ಶಂಕೆ ಮೌಲ್ಯಮಾಪಕರ ಪಾಲಿಗೆ ಉಳಿಯುತ್ತದೆ.

ಗುಬ್ಬಿ ಪ್ರಸ್ಥಾನದ ದೋಷ ಅತಿಜ್ಞಾನ. 1884ರಲ್ಲಿ ಸ್ಥಾಪನೆಯಾದ ಗುಬ್ಬಿ ಕಂಪನಿಯನ್ನು ಕುರಿತ ಗದ್ಯವೊಂದು ಅದರ ಕೀರ್ತಿಗೆ ಶಿಸ್ತು ಕಾರಣವೆಂದು ಹೇಳಿದೆಯೆಂದು ಕಲ್ಪಿಸಿದರೆ, ಈ ಪ್ರಸ್ಥಾನದ ಅಭ್ಯರ್ಥಿಯು ಕಾರಣ ಕೇಳಿದ ಒಡನೆ ಗದ್ಯವನ್ನು ಬದಿಗಿಟ್ಟು, ಗುಬ್ಬಿ ವೀರಣ್ಣನವರು ‘ಕುರುಕ್ಷೇತ್ರ’ ನಾಟಕದಲ್ಲಿ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದದ್ದನ್ನೂ, ರಾಜ್‌ಕುಮಾರ್ ಅದೇ ಕಂಪನಿಯಲ್ಲಿ ಪಳಗಿದ್ದನ್ನೂ ವರ್ಣಿಸಿ ಹೆಚ್ಚುವರಿ ಹಾಳೆ ಕೇಳುತ್ತಾನೆ. ಬರೆದುದೆಲ್ಲ ಸತ್ಯವೇ ಆಗಿದ್ದು, ಅಂಕ ಮಾತ್ರ ಸೊನ್ನೆಯಾಗುತ್ತದೆ.

ಕುಣಿಗಲ್ ಪ್ರಸ್ಥಾನದ್ದು ಉಪಪತ್ತಿಯನ್ನೇ ತಾತ್ಪರ್ಯವೆಂದು ಬಗೆಯುವ ಭ್ರಮೆ. ತಾಳ್ಮೆಯ ಮಹತ್ವವನ್ನು ಸಾರುವ ಗದ್ಯದಲ್ಲಿ ಕುದುರೆ ಪಳಗಿಸುವವನು ಒಂದು ಉದಾಹರಣೆಯಾಗಿ ಸುಳಿದರೂ ಸಾಕು, ಟಿಪ್ಪುವಿನ ಕಾಲದ ನಂಟುಳ್ಳ ಕುದುರೆ ಫಾರಂ ಇರುವ ಊರಿನ ಅಭಿಮಾನ ಕೆರಳಿ, ಶೀರ್ಷಿಕೆಯ ಜಾಗದಲ್ಲಿ ‘ಕುದುರೆ’ ಎಂದು ಬೀಳುತ್ತದೆ.

ಹೀಗಾಗಿ ಸಿದ್ಧಾಂತವಿಷ್ಟು: ಗುಬ್ಬಿಯವರಿಗೆ ಕುದುರೆಯ ಗದ್ಯವನ್ನೂ ಕುಣಿಗಲ್ಲಿನವರಿಗೆ ನಾಟಕದ ಗದ್ಯವನ್ನೂ ಕೊಟ್ಟರೆ ಇಬ್ಬರೂ ಪೂರ್ಣಾಂಕ ಪಡೆಯುವರು, ಏಕೆಂದರೆ ಏನನ್ನೂ ಅರಿಯದವನಿಗೆ ಎದುರಿನ ಪುಟವನ್ನು ನಂಬುವುದರ ಹೊರತು ಗತಿಯಿಲ್ಲ. ಲೋಕಸೇವಾ ಆಯೋಗದ ಆ ಪತ್ರಿಕೆಯಲ್ಲಿ ಗದ್ಯಭಾಗಕ್ಕೆ 60 ಅಂಕಗಳಿದ್ದು, ಅರ್ಹತೆಗೆ ಶೇ. 25, ಅಂದರೆ 75 ಅಂಕ, ಸಾಕಾಗುವುದರಿಂದ, ತಿಳಿದುದನ್ನೆಲ್ಲ ಮರೆತು 60 ಗಳಿಸಿದವನು ಉಳಿದ 15ಕ್ಕೆ ಮಾತ್ರ ಏನಾದರೂ ತಿಳಿದಿರಬೇಕಾಗುತ್ತದೆ.