ಬಿಳಿ ಕಾರಿನ ರಾಯರು

ನಮ್ಮ ಅಡ್ಡರಸ್ತೆಗೆ ತೆಂಗಿನಕಾಯಿ ಕೀಳಲು ಬರುವವನು ಮರದ ಬುಡದಲ್ಲಿ ನಿಂತು ಮೊದಲು ಕೇಳುವ ಮಾತು, ‘ರಾಯರ ಕಾರು ಎಲ್ಲೈತೆ?’ ಮೈಸೂರಿನ ಕುವೆಂಪುನಗರದಲ್ಲಿ ಕಾರುಗಳಿಗೇನು ಬರವಿಲ್ಲ. ಆದರೆ ಕಾರೇ ಯಜಮಾನನಾಗಿ, ಯಜಮಾನರು ಅದರ ಜವಾನರಾಗಿರುವ ಮನೆ ಬೀದಿಗೊಂದು ಇದ್ದೇ ಇರುತ್ತದೆ. ನಮ್ಮ ಬೀದಿಗೆ ರಾಯರು.

ನಿವೃತ್ತಿಯ ಹಣದಲ್ಲಿ ಕೊಂಡ ಬಿಳಿ ಕಾರು. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿಲ್ಲ. ದೇವಸ್ಥಾನಕ್ಕೆ ನಡೆದು ಹೋಗುತ್ತಾರೆ, ಮದುವೆಗೆ ಆಟೋ. ‘ಛತ್ರದ ಹತ್ರ ಪಾರ್ಕಿಂಗ್ ಸರಿ ಇರೋಲ್ಲ ನೋಡಿ’ ಎನ್ನುತ್ತಾರೆ. ಬೆಕ್ಕು ಬಾನೆಟ್ಟಿನ ಮೇಲೆ ಮಲಗಬಾರದು, ಕಾಗೆ ಮೇಲಿನ ತಂತಿಯಲ್ಲಿ ಕೂರಬಾರದು, ಹುಡುಗರು ಬೀದಿಯಲ್ಲಿ ಸಿಕ್ಸರ್ ಹೊಡೆಯಬಾರದು. ಕಾಗೆಯನ್ನು ಓಡಿಸಲೆಂದೇ ಅಡುಗೆಮನೆಯಿಂದ ಒಂದು ಹಳೇ ಸ್ಟೀಲ್ ತಟ್ಟೆ ವರ್ಗವಾಗಿ ಬಂದು ಜಗಲಿಯಲ್ಲಿ ಡ್ಯೂಟಿ ಮಾಡುತ್ತಿದೆ.

ಹೀಗೆ ನಡೆಯುತ್ತಿದ್ದ ಕಾಯಕಕ್ಕೆ ಪರೀಕ್ಷೆ ಬಂದದ್ದು ನವರಾತ್ರಿಗೆ ಮುಂಚೆ, ಪಕ್ಕದ ಮನೆಯವರು ಹಳೇ ಗೇಟು ಕೀಳಿಸಿದಾಗ. ಗ್ರಿಲ್ ಕೆಲಸದ ಹುಡುಗ ಸ್ಕ್ವೇರ್ ಪೈಪುಗಳನ್ನು ರಸ್ತೆಯಲ್ಲೇ ಹರಡಿಕೊಂಡು, ನಾಲ್ಕಿಂಚಿನ ಗ್ರೈಂಡರ್ ಕೈಗೆತ್ತಿಕೊಂಡ. ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುವ ಚಕ್ರ ಅದು. ಪೈಪಿಗೆ ತಾಗಿದ್ದೇ ತಡ, ಕಿಡಿಗಳು ಸಾಲುಗಟ್ಟಿ ಹೊರಟವು, ನೇರ ರಾಯರ ಕಾಂಪೌಂಡಿನ ಕಡೆಗೇ.

ಪಂಚಪಾತ್ರೆಯ ಮುಂದೆ ಕೂತಿದ್ದ ರಾಯರು ಕೈಯಲ್ಲಿ ಉದ್ಧರಣೆ ಹಿಡಿದೇ ಓಡಿ ಬಂದರು.

‘ಏನಪ್ಪಾ, ಆ ಕಡೆ ತಿರುಗಿ ಉಜ್ಜೋಕೆ ಆಗೋಲ್ವಾ?’

‘ಆ ಕಡೆ ಬೈಕ್ ಐತೆ ಸಾರ್. ಕಾರು ಒಂದೆರಡು ಗಂಟೆ ಮುಂದಿನ ರೋಡಿಗೆ ಬಿಟ್ಬಿಡಿ.’

ರಸ್ತೆಗೆ ಬಿಡುವುದೇ! ರಸ್ತೆಯಲ್ಲಿ ಹಸುಗಳಿವೆ, ಹಸುವಿಗೆ ಕೊಂಬಿದೆ.

‘ಹಂಗಾದ್ರೆ ಮೊದಲು ಹಳೇ ಬೆಡ್‌ಶೀಟ್ ಹಾಕಿ, ಅದರ ಮೇಲೆ ಗೋಣಿಚೀಲ ನೆನೆಸಿ ಹಾಕಿ ಸಾರ್. ಈ ಕಡೆ ನಾನೊಂದು ತಗಡು ಅಡ್ಡ ನಿಲ್ಲಿಸ್ತೀನಿ.’

ಸಲಹೆಯೇನೋ ಲಕ್ಷಣವಾಗಿತ್ತು. ಆದರೆ ಹೇಳಿದವನ ಕಾಲಲ್ಲಿ ಹವಾಯಿ ಚಪ್ಪಲಿ; ಹೇಳಿಸಿಕೊಂಡವರು ನಿವೃತ್ತ ಅಧಿಕಾರಿಗಳು. ಗೋಣಿಚೀಲ ಹೊದೆಯಲು ತಮ್ಮ ಕಾರೇನು ಆಲೂಗಡ್ಡೆಯೇ ಎಂದು ರಾಯರು ತಗಡನ್ನೂ ಬೇಡವೆಂದು, ಬೆಳ್ಳಿಬಣ್ಣದ ದುಬಾರಿ ಕವರನ್ನು ತಂದು ಹೊದಿಸಿ, ಹೊಟ್ಟೆಯಡಿ ಲಾಡಿ ಬಿಗಿದು, ನಿಶ್ಚಿಂತೆಯಿಂದ ಆಚಮನ ಮುಂದುವರಿಸಿದರು. ಮಳೆ, ಬಿಸಿಲು, ದೂಳು ಮೂರನ್ನೂ ತಡೆಯುತ್ತದೆಂದು ಆ ಕವರಿನ ಚೀಲದ ಮೇಲೆ ಅಚ್ಚಾಗಿತ್ತು. ಕಿಡಿಯ ಪ್ರಸ್ತಾಪ ಅದರಲ್ಲಿರಲಿಲ್ಲ.

ಕಿಡಿ ಎಂದರೆ ಬರೀ ಬೆಳಕಲ್ಲ, ಉರಿಯುತ್ತಾ ಹಾರುವ ಕಬ್ಬಿಣದ ಚೂರು. ಪಾಲಿಯೆಸ್ಟರ್ ಬಟ್ಟೆಯನ್ನು ಕರಗಿಸಿ ತೂತು ಮಾಡಿಕೊಂಡು ಒಳಗೆ ಹೋಗಲು ಅದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸಂಜೆ ಕವರು ತೆಗೆದ ರಾಯರಿಗೆ ಅದರ ತುಂಬ ಸೂಜಿಮೊನೆಯ ತೂತುಗಳು ಕಂಡವು. ‘ಪಾಪ, ಎಲ್ಲಾ ತನ್ನ ಮೈಮೇಲೇ ಹಾಕ್ಕೊಂಡಿದೆ’ ಎಂದು ಅದನ್ನು ಮೆಚ್ಚಿ ಮಡಿಸಿದರು. ಆಮೇಲೆ ಬಾನೆಟ್ಟಿನ ಮೇಲೆ ಕೂತಿದ್ದ ಕಪ್ಪು ಪುಡಿಯನ್ನು ಹಳದಿ ಬಟ್ಟೆಯಿಂದ ಗಸಗಸ ಒರೆಸಿದರು. ಆ ಪುಡಿಯೂ ಕಬ್ಬಿಣವೇ, ಜೊತೆಗೆ ಚಕ್ರ ಸವೆದ ಹರಳು. ಒಣಬಟ್ಟೆಯಲ್ಲಿ ತಿಕ್ಕದೆ ಧಾರಾಳವಾಗಿ ನೀರು ಹೊಯ್ದು ಇಳಿಸಬೇಕಿತ್ತು. ಕಾರಿನ ಹೊಳಪೆಲ್ಲ ಇರುವುದು ಮೇಲಿನ ಬಣ್ಣವಿಲ್ಲದ ಪದರದಲ್ಲಿ; ಅದರ ದಪ್ಪ ತಲೆಗೂದಲಿನಷ್ಟೂ ಇರುವುದಿಲ್ಲ.

ಆಯುಧಪೂಜೆ ಬಂತು. ರಾಯರ ಕಾರಿಗೂ ಕುಂಕುಮ, ಗ್ರಿಲ್ ಅಂಗಡಿಯ ಗ್ರೈಂಡರಿಗೂ ಕುಂಕುಮ. ಚಾಮುಂಡಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಗಾಲಿಯಡಿ ನಿಂಬೆಹಣ್ಣು ಅಪ್ಪಚ್ಚಿಯಾಯಿತು, ಬೂದುಗುಂಬಳ ಒಡೆಯಿತು. ರಾತ್ರಿ ಒಂದು ಮಳೆ. ವಿಜಯದಶಮಿಯ ಬೆಳಿಗ್ಗೆ ನೋಡಿದರೆ ಬಾನೆಟ್ಟಿನ ತುಂಬ ಕಿತ್ತಳೆ ಬಣ್ಣದ ಚುಕ್ಕಿಗಳು.

‘ನಿನ್ನೆ ಅರಿಶಿನ ಕುಂಕುಮ ಸಿಡಿದಿರಬೇಕು’ ಎಂದರು ಅವರ ಮನೆಯವರು.

ಒದ್ದೆ ಬಟ್ಟೆಗೆ ಹೋಗಲಿಲ್ಲ, ಶಾಂಪೂಗೆ ಹೋಗಲಿಲ್ಲ. ಬೆರಳಾಡಿಸಿದರೆ ಉಗುರಿಗೆ ಚುರುಚುರು ತಾಗುತ್ತಿತ್ತು. ಮುಂದಿನ ಗಾಜಿನ ಮೇಲೂ ಅದೇ ಕಥೆ. ಬಿಸಿ ಚೂರು ಗಾಜನ್ನೇ ಕರಗಿಸಿ ಅಲ್ಲೇ ಕಚ್ಚಿಕೊಂಡಿತ್ತು. ಅಂತೂ ಕಾರು ಆ ತಿಂಗಳ ಮೊದಲ ಪ್ರಯಾಣ ಹೊರಟಿತು, ಸರ್ವಿಸ್ ಸೆಂಟರಿಗೆ.

‘ಕೊಂಡು ಒಂದು ವರ್ಷ ಆಗಿಲ್ಲ, ಆಗಲೇ ತುಕ್ಕು! ಏನ್ರೀ ಕಂಪನಿ ನಿಮ್ಮದು?’

ಅಲ್ಲಿನ ಹುಡುಗ ಬಗ್ಗಿ ನೋಡಿ ಕೇಳಿದ, ‘ಪಕ್ಕದಲ್ಲಿ ಗ್ರಿಲ್ ಕೆಲಸ ಏನಾದ್ರೂ ನಡೀತಾ ಸಾರ್?’

‘ಗೇಟು ಮಾಡಿಸಿದ್ರು. ಅದಕ್ಕೂ ಇದಕ್ಕೂ ಏನು?’

‘ಇದು ನಿಮ್ಮ ಕಾರಿನ ತುಕ್ಕಲ್ಲ ಸಾರ್. ಅವರ ಗೇಟಿನ ತುಕ್ಕು.’

ಕಾರು ತೊಳೆದು ಅವನೊಂದು ದ್ರಾವಣ ಸಿಂಪಡಿಸಿದ. ಕೊಳೆತ ಮೊಟ್ಟೆಯ ನಾತ. ರಾಯರು ಮೂಗಿಗೆ ಶಲ್ಯ ಹಿಡಿಯುವಷ್ಟರಲ್ಲಿ ಬಾನೆಟ್ಟಿನಿಂದ ನೇರಳೆ ಬಣ್ಣದ ನೀರು ಗೆರೆಗೆರೆಯಾಗಿ ಇಳಿಯತೊಡಗಿತು. ‘ಅಯ್ಯೋ, ಬಣ್ಣ ಬಿಡ್ತಾ ಇದೆ, ನಿಲ್ಸಯ್ಯಾ!’ ಎಂದು ಅವರು ಕೂಗಿದ ಕೂಗಿಗೆ ಕ್ಯಾಶ್ ಕೌಂಟರಿನವರೂ ಎದ್ದು ಬಂದರು. ದ್ರಾವಣ ಕಬ್ಬಿಣದ ಜೊತೆ ಸೇರಿದಾಗ ಬರುವ ಬಣ್ಣವದು, ಬಿಳಿ ಕಾರಿನೊಳಗೆ ನೇರಳೆ ಎಲ್ಲಿಂದ ಬರಬೇಕು ಎಂದು ತಿಳಿಹೇಳುವಷ್ಟರಲ್ಲಿ ಹುಡುಗನಿಗೆ ಸಾಕಾಗಿತ್ತು. ಉಳಿದ ಚೂರುಗಳನ್ನು ಜೇಡಿಯಂಥ ಮೆತ್ತನೆಯ ಉಂಡೆಯಿಂದ, ನೀರು ಬಿಟ್ಟುಕೊಂಡು ಎಳೆದು ತೆಗೆದ. ಗಾಜಿನ ಗುಳಿಗಳು ಹಾಗೇ ಉಳಿದವು.

ಆ ದಿನದಿಂದ ರಾಯರು ಈ ವಿಷಯದಲ್ಲಿ ಪಂಡಿತರು. ವಾಕಿಂಗಿನಲ್ಲಿ ಯಾರ ಮನೆ ಮುಂದೆ ಪೈಪು ಬಿದ್ದಿದ್ದರೂ ಬೆಲ್ ಒತ್ತಿ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ವಿಚಾರಿಸುತ್ತಾರೆ. ಗೋಣಿಚೀಲದ ಮಹಿಮೆಯನ್ನು ಈಗ ಅವರೇ ಕಂಡುಹಿಡಿದವರಂತೆ ಬಣ್ಣಿಸುತ್ತಾರೆ.

ಅಷ್ಟಕ್ಕೇ ಬಿಟ್ಟಿದ್ದರೆ ಅವರು ರಾಯರೇ ಅಲ್ಲ. ಕಾರಿನ ಶಾಶ್ವತ ರಕ್ಷಣೆಗೆ ಕಬ್ಬಿಣದ ಶೆಡ್ಡು ಕಟ್ಟಿಸಲು ಹೊರಟರು. ಅದೇ ಹುಡುಗ ಬಂದ.

‘ಅಂಗಡೀಲೇ ಕತ್ತರಿಸಿ, ಉಜ್ಜಿ ತರ್ತೀನಿ ಸಾರ್. ಇಲ್ಲಿ ಬರೀ ಬೋಲ್ಟ್ ಹಾಕೋದು.’

‘ಬೇಡಪ್ಪ. ಅಳತೆ ನನ್ನ ಕಣ್ಮುಂದೆಯೇ ಆಗ್ಬೇಕು.’

ಅವರ ಉಪನ್ಯಾಸ ಕೇಳಿದ್ದ ನಾವೆಲ್ಲ ಹಿಂದಿನ ರಾತ್ರಿಯೇ ನಮ್ಮ ವಾಹನಗಳನ್ನು ಮುಂದಿನ ರಸ್ತೆಗೆ ಸಾಗಿಸಿದ್ದೆವು. ಬೀದಿಯಲ್ಲಿ ಉಳಿದದ್ದು ಒಂದೇ ಕಾರು. ಅದಕ್ಕೆ ಎರಡು ಬೆಡ್‌ಶೀಟು, ಮೇಲೆ ಹತ್ತು ಹನ್ನೆರಡು ನೆನೆದ ಗೋಣಿಚೀಲ, ಸುತ್ತ ತಗಡು. ರಾಯರು ಪಂಚೆ ಎತ್ತಿಕಟ್ಟಿ, ಗೋಣಿ ಒಣಗದಂತೆ ಪೈಪಿನಲ್ಲಿ ನೀರು ಬಿಡುತ್ತಾ ನಿಂತಿದ್ದರು. ನೀರು ಹರಿದು ಹುಡುಗನ ಕಾಲ ಬುಡಕ್ಕೆ ಬಂತು. ಅವನು ಗ್ರೈಂಡರ್ ಆರಿಸಿ ಹಾರಿ ಜಗಲಿಯ ಮೇಲೆ ನಿಂತ.

‘ಸಾರ್, ಕರೆಂಟ್ ವೈರ್ ನೀರಲ್ಲೈತೆ!’

ಬಾಗಿಲಲ್ಲಿ ನಿಂತಿದ್ದ ಮನೆಯವರು ಒಳಗೆ ಹೋಗಿ ಮೇನ್ ಸ್ವಿಚ್ ಆರಿಸಿ ಬಂದರು. ‘ಫ್ಯಾಮಿಲಿ ಪೆನ್ಷನ್ನಲ್ಲಿ ಆ ಕಾರನ್ನ ಸಾಕೋಕೆ ನನ್ನ ಕೈಲಾಗೋಲ್ಲ. ಮೊದಲು ಆ ನಲ್ಲಿ ನಿಲ್ಸಿ’ ಎಂದರು.