ರೈಟ್ ರೈಟ್!

ನನ್ನ ಮೊಮ್ಮಗನಿಗೆ ಬಸ್ಸಿನ ಹುಚ್ಚು. ಆರು ವರ್ಷದ ಪೋರ. ದೊಡ್ಡವನಾದ ಮೇಲೆ ಏನಾಗುತ್ತೀಯೋ ಎಂದರೆ ಕಂಡಕ್ಟರ್ ಎನ್ನುತ್ತಾನೆ. ಡ್ರೈವರ್ ಯಾಕಾಗಬಾರದು ಎಂದರೆ, ‘ಡ್ರೈವರ್ ಹತ್ರ ದುಡ್ಡಿರಲ್ಲ’ ಎಂಬ ಉತ್ತರ ಸಿದ್ಧ.

ಊಟದ ಕುರ್ಚಿಗಳು ಹಜಾರದಲ್ಲಿ ಸಾಲಾಗಿ ನಿಂತರೆ ಅದು ಕೆಂಪು ಬಸ್ಸು. ಸೋಫಾ ಐರಾವತ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ನಮ್ಮ ಹಜಾರದಲ್ಲೂ ಜಾರಿಯಲ್ಲಿದೆ. ಅಜ್ಜಿಗೂ ಅಮ್ಮನಿಗೂ ಆಧಾರ್ ಕಾರ್ಡ್ ತೋರಿಸಿದರೆ ಟಿಕೆಟ್ ಉಚಿತ. ಆದರೆ ಮಂಡಿನೋವಿನ ಅಜ್ಜಿ ಮೆತ್ತನೆಯ ಸೋಫಾದಲ್ಲಿ ಕೂತಳೋ, ‘ಐರಾವತಕ್ಕೆ ಫ್ರೀ ಇಲ್ಲ’ ಎಂದು ಎಬ್ಬಿಸುತ್ತಾನೆ. ಒಟ್ಟಿನಲ್ಲಿ ಸಂಸ್ಥೆಗೆ ಇರುವ ಏಕೈಕ ವರಮಾನ ನಾನು. ಐವತ್ತರ ನೋಟು ಕೊಟ್ಟು ಮೂವತ್ತೆಂಟರ ಟಿಕೆಟ್ ತೆಗೆದುಕೊಂಡರೆ, ಬೆರಳು ಮಡಚಿ, ಬಿಚ್ಚಿ, ಮೇಲೆ ನೋಡಿ, ಟಿಕೆಟ್ಟಿನ ಬೆನ್ನಿಗೆ 12 ಎಂದು ಬರೆದುಕೊಡುತ್ತಾನೆ. ಲೆಕ್ಕ ಸರಿ. ಹಣ ಮಾತ್ರ ಇಳಿಯುವಾಗಲೂ ಬರುವುದಿಲ್ಲ. ಈ ವಿದ್ಯೆಯನ್ನು ಅವನಿಗೆ ಯಾರೂ ಹೇಳಿಕೊಟ್ಟದ್ದಲ್ಲ, ನೋಡಿ ಕಲಿತದ್ದು.

ಶಾಲೆಯ ಕಾಪಿ ಪುಸ್ತಕದಲ್ಲಿ ಒತ್ತಕ್ಷರ ಬರೆಯೆಂದರೆ ಹೊಟ್ಟೆನೋವು ಬರುವ ಹುಡುಗ ಟಿಕೆಟ್ ಮೇಲೆ ಊರಿನ ಹೆಸರನ್ನು ತಾನೇ ಬರೆಯುತ್ತಾನೆ. ಮೊದಮೊದಲು ಹುಬ್ಬಳ್ಳಿಗೆ ಕೇಳಿದರೆ, ‘ಈ ಬಸ್ಸು ಗದಗದ ತನಕ ಅಷ್ಟೇ’ ಎನ್ನುತ್ತಿದ್ದ. ಗದಗಕ್ಕೆ ಒತ್ತಿಲ್ಲ, ಕೊಂಬಿಲ್ಲ, ಗುಡಿಸೂ ಇಲ್ಲ. ಎಂಥ ಸಂಭಾವಿತ ಊರು! (ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವವರು ಗದಗದ ದಾರಿ ಯಾಕೆ ಹಿಡಿಯುತ್ತಾರೆ ಎಂಬುದು ಬೇರೆ ಮಾತು.) ಆದರೆ ನನ್ನ ಹೆಂಡತಿಯ ತವರು ಹುಬ್ಬಳ್ಳಿ. ‘ನಾ ಗದಗಿನ್ಯಾಗ ಇಳಿಯಾಕಿ ಅಲ್ಲ’ ಎಂದು ಅವಳು ಕುರ್ಚಿಯನ್ನು ಭದ್ರವಾಗಿ ಹಿಡಿದು ಕೂತಳು. ಬಸ್ಸು ಅಲ್ಲೇ ನಿಂತಿತು. ಕಂಡಕ್ಟರು ಗೊಣಗುತ್ತ ಒಳಗೆ ಹೋಗಿ, ಅಮ್ಮನ ಹತ್ತಿರ ಕೇಳಿಕೊಂಡು ಬಂದು, ಬ-ಕ್ಕೂ ಳ-ಕ್ಕೂ ಒತ್ತು ಕೊಟ್ಟು ಟಿಕೆಟ್ ಹರಿದ. ಈಗ ಚಿಕ್ಕಮಗಳೂರು, ಬಳ್ಳಾರಿ, ಶಿವಮೊಗ್ಗ ಎಲ್ಲಕ್ಕೂ ಬಸ್ಸಿದೆ.

ರಸ್ತೆಯಲ್ಲಿ ನಿಂತರೆ ಕೆಎ 09 ಮೈಸೂರು, 19 ಮಂಗಳೂರು, 25 ಧಾರವಾಡ, 28 ವಿಜಯಪುರ ಎಂದು ಗಾಡಿಗಳ ಜಾತಕ ಹೇಳುತ್ತಾನೆ. ನಮ್ಮ ಕಾಲದಲ್ಲಿ ಜಿಲ್ಲೆಗಳು ತಲೆಗೇರಿದ್ದು ಬೆತ್ತದ ಮೂಲಕ.

ಇದನ್ನೆಲ್ಲ ನೋಡಿ ನನ್ನ ಮಗನಿಗೆ ಉತ್ಸಾಹ ಉಕ್ಕಿತು. ಒಂದು ಭಾನುವಾರ ತಾನೂ ಬಸ್ಸು ಹತ್ತಿ, ‘ಬಸ್ಸು ಗಂಟೆಗೆ 50 ಕಿಲೋಮೀಟರ್ ಹೋದರೆ ಮೂರು ಗಂಟೆಯಲ್ಲಿ ಎಷ್ಟು ದೂರ ಹೋಗುತ್ತೆ, ಹೇಳು ಪುಟ್ಟಾ’ ಎಂದ. ಪುಟ್ಟ ಸೀಟಿ ಊದಿದ. ‘ಹೋಲ್ಡಾನ್! ಚೆಕಿಂಗ್‌ನವರು ಬಂದಿದ್ದಾರೆ. ಎಲ್ರೂ ಇಳೀರಿ.’ ಅವತ್ತಿನ ಟ್ರಿಪ್ ರದ್ದು. ಬಾಳೆಹಣ್ಣಿನೊಳಗಿಟ್ಟ ಮಾತ್ರೆಯಂತೆ ಆಟದೊಳಗೆ ಅಡಗಿಸಿದ ಪಾಠವನ್ನು ಮಕ್ಕಳ ನಾಲಿಗೆ ಥಟ್ಟನೆ ಹಿಡಿಯುತ್ತದೆ.

ಗಿಜುಭಾಯಿ ಬಧೇಕ ವಕೀಲಿ ಬಿಟ್ಟು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದವರು. ಅವರಿಗೆ ಇದು ಗೊತ್ತಿತ್ತು. ಪುತ್ತೂರಿನ ಬಾಲವನದಲ್ಲಿ ಮಕ್ಕಳ ನಡುವೆ ಪ್ರಯೋಗಕ್ಕಿಳಿದ ಶಿವರಾಮ ಕಾರಂತರಿಗೂ ಗೊತ್ತಿತ್ತು. ನಮ್ಮ ಸರ್ಕಾರಕ್ಕೂ ಗೊತ್ತಾಗಿ, 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾಯಿತು. ಗೊತ್ತಿಲ್ಲದಿರುವುದು ನನ್ನ ಮಗನೊಬ್ಬನಿಗೆ. ಅವನು ಜಿಲ್ಲೆಗಳ ದೊಡ್ಡ ಚಾರ್ಟು ತಂದು ಗೋಡೆಗೆ ಅಂಟಿಸಿದ್ದಾನೆ. ಅದನ್ನು ಓದುತ್ತಿರುವುದು ನಾನು.

ಕಳೆದ ವಾರದಿಂದ ಬಸ್ಸು ಡಿಪೋ ಸೇರಿದೆ. ನಮ್ಮ ಬೀದಿಗೆ ಜೆಸಿಬಿ ಬಂತು, ಅಷ್ಟೇ ಸಾಕಾಯಿತು. ಈಗ ಹಿತ್ತಿಲಲ್ಲಿ ಕಾಮಗಾರಿ. ದಾರ ಹಿಡಿದು ಅಳೆದು, ಸುಣ್ಣದಲ್ಲಿ ಗೆರೆ ಎಳೆದು, ಬುಟ್ಟಿ ಲೆಕ್ಕದಲ್ಲಿ ಮಣ್ಣು ತೆಗೆಯುತ್ತಿದ್ದಾನೆ. ಅಜ್ಜಿಯ ಕರಿಬೇವಿನ ಗಿಡ ಸರಿಯಾಗಿ ಗೆರೆಯೊಳಗೇ ಸಿಕ್ಕಿಕೊಂಡಿದೆ. ಪರಿಹಾರದ ಮಾತುಕತೆ ನಡೆಯುತ್ತಿದೆ. ಎರಡು ಚಾಕಲೇಟಿಗೆ ಅವಳು ಒಪ್ಪುತ್ತಿಲ್ಲ.